ಮಿತಾಕ್ಷರೆಯ ಗೃಹಿಣಿ: ದಂಪತಿಗಳ ಸ್ವತ್ತಿನ ವಿಷಯದಲ್ಲಿ ಒಂದು ವಿಮರ್ಶೆ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಕನ್ನಡ ನಾಡು ಭಾರತಕ್ಕೆ ಕೊಟ್ಟ ದೊಡ್ಡ ಕಾಣಿಕೆಗಳಲ್ಲೊಂದೆಂದು ಹೊಗಳುವುದು ವಾಡಿಕೆಯಾಗಿದೆ. ಬಂಗಾಳದ ಕಡೆಯನ್ನು ಬಿಟ್ಟರೆ ಹಿಂದೂ ಕುಟುಂಬಗಳ ದಾಯವಿಭಾಗವು ಶತಮಾನಗಳ ಕಾಲ ಈ ಗ್ರಂಥದ ಮಾತನ್ನು ಅನುಸರಿಸಿ ನಡೆಯಿತೆಂಬುದೂ ವಿದಿತವೇ ಇದೆ. ಹೆಮ್ಮೆಯಿಂದ ಗ್ರಂಥದ ಹೆಸರು ಹೇಳುವವರು ಬಹಳ. ಅದನ್ನು ತೆರೆದು ಓದುವವರು ಕಡಮೆ. ಹಾಗೆ ಓದಿದವರೂ ಸಾಮಾನ್ಯವಾಗಿ ದಾಯಭಾಗ ಪ್ರಕರಣದಲ್ಲಿಯೇ ನಿಂತುಬಿಡುತ್ತಾರೆ. ಗಂಡಹೆಂಡಿರು ಕೂಡಿ ಬಾಳಿ ಗಳಿಸಿದ ಸ್ವತ್ತು ಯಾರದು ಎಂಬ ಪ್ರಶ್ನೆಗೆ ವಿಜ್ಞಾನೇಶ್ವರನು ಕೊಟ್ಟ ಅತ್ಯಂತ ಸೂಕ್ಷ್ಮವಾದ ಉತ್ತರವಾದರೋ ಆ ಪ್ರಕರಣದಲ್ಲಿಲ್ಲ; ಯಾರೂ ಹುಡುಕದ ಋಣಾದಾನ ಪ್ರಕರಣದಲ್ಲಿದೆ.

ಈ ಪ್ರಶ್ನೆಯನ್ನು ಮತ್ತೆ ಮುಂದಕ್ಕೆ ತಂದುದು ಮದರಾಸು ಹೈಕೋರ್ಟು 2023ರ ಜೂನ್ ತಿಂಗಳಲ್ಲಿ ಕೊಟ್ಟ ಒಂದು ತೀರ್ಪು. ಮೊಕದ್ದಮೆಯ ಸಂಗತಿ ಸರಳವಾದುದು. 1965ರಲ್ಲಿ ಮದುವೆಯಾದ ತಮಿಳುನಾಡಿನ ಗೃಹಸ್ಥನೊಬ್ಬನು 1983ರಿಂದ 1994ರವರೆಗೆ ಸೌದಿ ಅರೇಬಿಯಾದಲ್ಲಿ ದುಡಿದನು. ಹೆಂಡತಿ ಊರಿನಲ್ಲಿದ್ದು ಮಕ್ಕಳನ್ನು ಸಾಕಿದಳು. ಅವನು ಕಳುಹಿಸಿದ ಹಣದಿಂದ ಸ್ವತ್ತುಗಳನ್ನು ಕೊಂಡಳು. ಅವು ಅವಳ ಹೆಸರಿನಲ್ಲಿಯೇ ಇದ್ದವು. ಹಿಂದಿರುಗಿ ಬಂದ ಗಂಡನು, ಹಣ ತನ್ನದು, ಹೆಂಡತಿ ಕೇವಲ ಹೆಸರಿಗೆ ಮಾತ್ರ ಎಂದು ದಾವೆ ಹೂಡಿದನು. ವ್ಯಾಜ್ಯ ಮುಗಿಯುವ ಮೊದಲೇ ಅವನು ತೀರಿಕೊಂಡನು. ಮಕ್ಕಳು ತಂದೆಯ ಪಕ್ಷವನ್ನು ಮುಂದುವರಿಸಿದರು. ಹೀಗಾಗಿ ದಂಪತಿಗಳ ವಿರಸವಾಗಿ ಹುಟ್ಟಿದ ಜಗಳವು ತಾಯಿಮಕ್ಕಳ ದಾಯವ್ಯಾಜ್ಯವಾಗಿ ಮುಗಿಯಿತು. ವಿಚ್ಛೇದದ ವ್ಯಾಜ್ಯವೂ ಉತ್ತರಾಧಿಕಾರದ ವ್ಯಾಜ್ಯವೂ ಒಂದೇ ಮೂಲದಿಂದ ಹೊರಡುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ನ್ಯಾಯಮೂರ್ತಿಗಳ ನಿರ್ಣಯ ಧೀರವಾದುದು. ಗೃಹಿಣಿಯ ದುಡಿಮೆಯನ್ನು ಸ್ವತ್ತಿನ ಸಂಪಾದನೆಯಲ್ಲಿ ಒಂದು ಸಲ್ಲಿಕೆಯೆಂದು ಮನ್ನಿಸುವ ಶಾಸನ ಈ ದೇಶದಲ್ಲಿಲ್ಲ. ಆದರೆ ಹಾಗೆ ಮನ್ನಿಸಬಾರದೆಂದು ನ್ಯಾಯಾಧೀಶರನ್ನು ತಡೆಯುವ ಶಾಸನವೂ ಇಲ್ಲ. ಹೆಂಡತಿ ಮನೆಯನ್ನು ನಿರ್ವಹಿಸದಿದ್ದರೆ ಗಂಡನು ನಿಶ್ಚಿಂತನಾಗಿ ಪರದೇಶದಲ್ಲಿ ದುಡಿಯುವುದು ಸಾಧ್ಯವಾಗುತ್ತಿರಲಿಲ್ಲ; ಆದುದರಿಂದ ಇಬ್ಬರ ದುಡಿಮೆಯಿಂದಲೇ ಸ್ವತ್ತು ಬಂದಿತೆಂದು ಭಾವಿಸಬೇಕು. ಈ ತರ್ಕದಿಂದ ವಿವಾದದ ಕೆಲವು ಸ್ವತ್ತುಗಳಲ್ಲಿ ಅವಳಿಗೆ ಅರ್ಧ ಪಾಲನ್ನು ಕೊಡಲಾಯಿತು. ಪತ್ರಿಕೆಗಳು ಇದನ್ನು ಹೊಸ ಯುಗದ ತೀರ್ಪೆಂದು ಕೊಂಡಾಡಿದುದು ಸಹಜವೇ ಆಗಿದೆ.

ಆದರೆ ನಿರ್ಣಯ ಒಳ್ಳೆಯದಾದ ಮಾತ್ರಕ್ಕೆ ಅದರ ಆಧಾರವೂ ದೃಢವಾಗಿದೆಯೆಂದು ಹೇಳಲು ಬರುವುದಿಲ್ಲ. ಗೃಹಿಣಿಯ ಕೆಲಸದ ಬೆಲೆಯನ್ನು ತೋರಿಸಲು ತೀರ್ಪು ಹಿಡಿದ ದಾರಿಯನ್ನು ಗಮನಿಸಬೇಕು. ಆಯವ್ಯಯವನ್ನು ನೋಡಿಕೊಳ್ಳುವಳಾದ್ದರಿಂದ ಅವಳು ವ್ಯವಸ್ಥಾಪಕಿ. ಅಡಿಗೆ ಮಾಡುವಳಾದ್ದರಿಂದ ಪಾಕಶಾಸ್ತ್ರಜ್ಞೆ. ಕಷಾಯ ಕಾಯಿಸುವಳಾದ್ದರಿಂದ ಮನೆಯ ವೈದ್ಯೆ. ದುಡ್ಡು ಉಳಿಸುವಳಾದ್ದರಿಂದ ಅರ್ಥಶಾಸ್ತ್ರಜ್ಞೆ. ಗಂಡ ಎಂಟು ಗಂಟೆ ದುಡಿದರೆ ಇವಳು ರಜೆಯಿಲ್ಲದೆ ಇಪ್ಪತ್ತನಾಲ್ಕು ಗಂಟೆಯೂ ದುಡಿಯುತ್ತಾಳೆ. ಸದುದ್ದೇಶದ ಮಾತೇ ಸರಿ. ಆದರೆ ಇದರ ಒಳಗಿನ ಅಭಿಪ್ರಾಯವೇನು? ಪೇಟೆಯಲ್ಲಿ ಸಂಬಳ ತರುವ ಉದ್ಯೋಗದ ಹೆಸರನ್ನು ಕೊಟ್ಟ ಮೇಲೆಯೇ ಹೆಂಗಸಿನ ಕೆಲಸಕ್ಕೆ ಬೆಲೆ ಬಂದಂತಾಯಿತು. ಹಾಗಾದರೆ ಅಡಿಗೆಯವಳನ್ನಿಟ್ಟುಕೊಂಡ ಮನೆಯ ಗೃಹಿಣಿಗೆ ಪಾಲು ಕಡಮೆಯೆ? ಹತ್ತು ವರ್ಷ ಹಾಸಿಗೆ ಹಿಡಿದವಳಿಗೆ ಪಾಲೇ ಇಲ್ಲವೆ? ಮಕ್ಕಳಿಲ್ಲದವಳು ಎಷ್ಟು ಗಂಟೆ ದುಡಿದಳೆಂದು ಲೆಕ್ಕ ಹಾಕಬೇಕು? ಸಲ್ಲಿಕೆಯೇ ಹಕ್ಕಿನ ಮೂಲವೆಂದಾದರೆ ಇಂಥ ಪ್ರಶ್ನೆಗಳನ್ನು ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಪ್ರತಿವಾದಿಯ ವಕೀಲನು ಅವನ್ನು ಕೇಳದೆ ಬಿಡುವವನೂ ಅಲ್ಲ.

ಈ ಸಂದರ್ಭದಲ್ಲಿ ವಿಜ್ಞಾನೇಶ್ವರನ ಮಾತನ್ನು ನೋಡಬೇಕು. ವ್ಯವಹಾರಾಧ್ಯಾಯದ 52ನೆಯ ಶ್ಲೋಕದಲ್ಲಿ ಯಾಜ್ಞವಲ್ಕ್ಯನು, ವಿಭಕ್ತರಾಗದ ಅಣ್ಣತಮ್ಮಂದಿರು, ಗಂಡಹೆಂಡಿರು, ತಂದೆಮಕ್ಕಳು ಇವರು ಒಬ್ಬರಿಗೊಬ್ಬರು ಜಾಮೀನಾಗಲಾಗದು, ಸಾಲ ಕೊಡಲಾಗದು, ಸಾಕ್ಷಿಗಳಾಗಲಾಗದು ಎನ್ನುತ್ತಾನೆ. ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಗಂಡಹೆಂಡಿರಲ್ಲಿ ವಿಭಾಗವೇ ಇಲ್ಲವೆಂದು ಆಪಸ್ತಂಬನು ಹೇಳಿರುವಾಗ ‘ವಿಭಕ್ತರಾಗದ’ ಎಂಬ ವಿಶೇಷಣ ದಂಪತಿಗಳಿಗೆ ಹೇಗೆ ಹೊಂದುತ್ತದೆ? ವಿಜ್ಞಾನೇಶ್ವರನ ಸಮಾಧಾನ ಇದು: ಆಪಸ್ತಂಬನು ವಿಭಾಗವಿಲ್ಲವೆಂದುದು ಅಗ್ನಿಸಾಧ್ಯವಾದ ಕರ್ಮಗಳ ವಿಷಯದಲ್ಲಿ, ಅವುಗಳಿಂದ ಬರುವ ಪುಣ್ಯಫಲದ ವಿಷಯದಲ್ಲಿ, ದ್ರವ್ಯದ ವಿಷಯದಲ್ಲಲ್ಲ. ಆಕ್ಷೇಪಕನು ಬಿಡುವುದಿಲ್ಲ. ಪಾಣಿಗ್ರಹಣದಿಂದ ಬಂದ ಸಹತ್ವವು ದ್ರವ್ಯಪರಿಗ್ರಹದಲ್ಲಿಯೂ ಉಂಟೆಂದು ಅದೇ ಆಪಸ್ತಂಬನು ಹೇಳಿಲ್ಲವೆ? ಹೇಳಿದ್ದಾನೆ, ನಿಜ, ಆದರೆ ಆ ಮಾತು ತಿಳಿಸುವುದು ದ್ರವ್ಯದಲ್ಲಿ ಹೆಂಡತಿಗೆ ಸ್ವಾಮ್ಯ ಉಂಟೆಂಬುದನ್ನು, ವಿಭಾಗವಿಲ್ಲವೆಂಬುದನ್ನಲ್ಲ. ಅದಕ್ಕೆ ಆಪಸ್ತಂಬನೇ ಕೊಟ್ಟ ಕಾರಣವನ್ನು ವಿಜ್ಞಾನೇಶ್ವರನು ಎತ್ತಿ ತೋರಿಸುತ್ತಾನೆ: ಗಂಡನು ಪರಸ್ಥಳಕ್ಕೆ ಹೋಗಿರುವಾಗ ಹೆಂಡತಿ ಸಮಯೋಚಿತವಾಗಿ ದಾನ ಮಾಡಿದರೆ ಅದನ್ನು ಕಳವೆಂದು ಯಾರೂ ಹೇಳುವುದಿಲ್ಲ.

ಗಂಡ ಪರದೇಶದಲ್ಲಿ, ದ್ರವ್ಯ ಹೆಂಡತಿಯ ಕೈಯಲ್ಲಿ. ಅವಳು ಅದನ್ನು ವಿನಿಯೋಗಿಸಿದರೆ ಅದು ಕಳವಲ್ಲ, ಏಕೆಂದರೆ ಅವಳು ಒಡತಿ. ಮದರಾಸಿನ ಮೊಕದ್ದಮೆಯ ಸಂಗತಿಯನ್ನೇ ಧರ್ಮಸೂತ್ರಕಾರನು ದೃಷ್ಟಾಂತವಾಗಿ ಕೊಟ್ಟಂತಿದೆ! ಇಲ್ಲಿ ಹೆಂಡತಿಯ ಸ್ವಾಮ್ಯಕ್ಕೆ ಮೂಲ ಪಾಣಿಗ್ರಹಣವೇ ಹೊರತು ಅವಳು ಎಷ್ಟು ಅನ್ನ ಬೇಯಿಸಿದಳೆಂಬ ಲೆಕ್ಕವಲ್ಲ. ರೋಗಿಯಾದವಳೂ ಒಡತಿಯೇ, ಮಕ್ಕಳಿಲ್ಲದವಳೂ ಒಡತಿಯೇ.

ಇಷ್ಟಕ್ಕೇ ನಿಲ್ಲಿಸಿ ವಿಜ್ಞಾನೇಶ್ವರನನ್ನು ಸ್ತ್ರೀಪಕ್ಷಪಾತಿಯೆಂದು ಕೊಂಡಾಡುವವರುಂಟು. ಅವರು ಮುಂದಿನ ವಾಕ್ಯವನ್ನು ಓದುವುದಿಲ್ಲ. ಆದುದರಿಂದ ಗಂಡನ ಇಚ್ಛೆಯಿದ್ದರೆ ಹೆಂಡತಿಗೂ ದ್ರವ್ಯವಿಭಾಗ ಆಗಬಹುದು, ಅವಳ ಸ್ವೇಚ್ಛೆಯಿಂದ ಆಗಲಾರದು ಎಂದು ಆತನು ಪ್ರಕರಣವನ್ನು ಮುಗಿಸುತ್ತಾನೆ. ಸ್ವಾಮ್ಯವುಂಟು, ಅದನ್ನು ಬೇರ್ಪಡಿಸಿ ಕೇಳುವ ಅಧಿಕಾರವಿಲ್ಲ. ಒಡತಿ ಹೌದು, ವಾದಿನಿ ಅಲ್ಲ. ಈ ಒಂದು ವಾಕ್ಯದಲ್ಲಿ ಮುಂದಿನ ಎಂಟುನೂರು ವರ್ಷಗಳ ಹಿಂದೂ ಗೃಹಿಣಿಯ ಸ್ಥಿತಿಯೆಲ್ಲ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು. ಗಂಡನು ಸಮಾಂಶಗಳನ್ನು ಮಾಡಿದಾಗ, ಸ್ತ್ರೀಧನವನ್ನು ಪಡೆಯದ ಹೆಂಡತಿಯರಿಗೂ ಸಮಾಂಶ ಕೊಡಬೇಕೆಂಬ ಯಾಜ್ಞವಲ್ಕ್ಯನ ವಿಧಿಯೂ ಇದೇ ನೆಲೆಯದು. ಪಂಕ್ತಿ ಕುಳಿತರೆ ಅವಳಿಗೂ ಎಲೆಯುಂಟು. ಪಂಕ್ತಿ ಕೂಡಿಸುವ ಅಧಿಕಾರ ಅವಳಿಗಿಲ್ಲ.

ಈ ಸೂಕ್ಷ್ಮವಾದ ಭೇದವು ಇಂಗ್ಲಿಷರ ನ್ಯಾಯಾಲಯಗಳಿಗೆ ಸರಿಯಾಗಿ ಮುಟ್ಟಲಿಲ್ಲ. ಅದಕ್ಕೆ ಕಾರಣ ಬಲು ಲೌಕಿಕವಾದುದು. 1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯಪ್ರಕರಣವನ್ನು ಮಾತ್ರ ಬೇರ್ಪಡಿಸಿ ಇಂಗ್ಲಿಷಿಗೆ ತಂದನು. ಸಂಸ್ಕೃತವನ್ನರಿಯದ ನ್ಯಾಯಾಧೀಶರಿಗೆ ಮಿತಾಕ್ಷರೆಯೆಂದರೆ ಮುಖ್ಯವಾಗಿ ಆ ಪುಸ್ತಕವೇ ಆಯಿತು. ಋಣಾದಾನದ ಮಾತು ಅದರ ಹೊರಗೆ ಉಳಿಯಿತು. ಹೆಂಡತಿಯನ್ನು ಗೌಣವಾದ ಸಹಸ್ವಾಮಿನಿಯೆಂದು ನ್ಯಾಯಾಲಯಗಳು ಆಮೇಲೆ ಆಗಾಗ ಕರೆದುದುಂಟು; ಆದರೆ ಅದು ಹೆಚ್ಚಾಗಿ ಜೀವನಾಂಶವನ್ನು ಕೊಡಿಸುವುದಕ್ಕೆ ಸಮರ್ಥನೆಯಾಗಿ ಬಂದಿತೇ ಹೊರತು ಸ್ವತ್ತಿನ ಪಾಲಿಗೆ ಆಧಾರವಾಗಿ ಅಲ್ಲ.

ದಾಯಪ್ರಕರಣದಲ್ಲಿದ್ದುದಕ್ಕಾದರೂ ನ್ಯಾಯ ದೊರೆಯಿತೇ ಎಂದರೆ ಅದೂ ಇಲ್ಲ. ಸ್ತ್ರೀಧನವೆಂಬುದು ಪಾರಿಭಾಷಿಕ ಶಬ್ದವಲ್ಲ, ಯೌಗಿಕ ಶಬ್ದ. ಸ್ತ್ರೀಯ ಧನವೇ ಸ್ತ್ರೀಧನ ಎಂಬುದು ವಿಜ್ಞಾನೇಶ್ವರನ ಪ್ರಸಿದ್ಧವಾದ ನಿಲುವು. ತಂದೆ, ತಾಯಿ, ಗಂಡ, ಸೋದರ ಇವರು ಕೊಟ್ಟುದು, ಮದುವೆಯ ಅಗ್ನಿಯ ಮುಂದೆ ಬಂದುದು ಮುಂತಾಗಿ ಎಣಿಸಿದ ಯಾಜ್ಞವಲ್ಕ್ಯನ ಪಟ್ಟಿಯ ಕೊನೆಯಲ್ಲಿ ಬರುವ ‘ಆದ್ಯ’ ಎಂಬ ಪದಕ್ಕೆ ಆತನು ದಾಯದಿಂದ, ಕ್ರಯದಿಂದ, ವಿಭಾಗದಿಂದ, ಪರಿಗ್ರಹದಿಂದ, ನಿಧಿ ದೊರೆಯುವುದರಿಂದ ಬಂದುದೆಲ್ಲವನ್ನೂ ಸೇರಿಸಿ ಅರ್ಥ ಹೇಳಿದನು. ಇದು ವ್ಯಾಖ್ಯಾನಕಾರನೊಬ್ಬನು ಒಂದು ಸಣ್ಣ ಪದದಿಂದ ಸಾಧಿಸಿದ ದೊಡ್ಡ ಕಾರ್ಯ. ಬಂಗಾಳದ ಜೀಮೂತವಾಹನನು ಬೇರೆಯ ದಾರಿ ಹಿಡಿದನು. ಹೆಂಗಸು ಕೈಗೆಲಸದಿಂದ ಗಳಿಸಿದುದೂ ಗಂಡನದೇ ಎಂಬ ಕಾತ್ಯಾಯನ ವಚನಕ್ಕೆ ಅಲ್ಲಿ ಮನ್ನಣೆ ಸಿಕ್ಕಿತು. ಲಂಡನ್ನಿನ ಪ್ರಿವಿ ಕೌನ್ಸಿಲು ಮಿತಾಕ್ಷರೆಯ ನಾಡಿಗೂ ಸಂಕುಚಿತಾರ್ಥವನ್ನೇ ತಂದು ಹೊರಿಸಿತು. ವಿಧವೆಗೆ ಗಂಡನಿಂದ ದಾಯವಾಗಿ ಬಂದುದು ಸ್ತ್ರೀಧನವಲ್ಲವೆಂದು 1867ರಲ್ಲಿ, ವಿಭಾಗದಲ್ಲಿ ಬಂದ ಅಂಶವೂ ಅಲ್ಲವೆಂದು 1912ರಲ್ಲಿ ತೀರ್ಮಾನವಾಯಿತು. ವಿಜ್ಞಾನೇಶ್ವರನ ಹೆಸರಿನಲ್ಲಿಯೇ ವಿಜ್ಞಾನೇಶ್ವರನನ್ನು ತಳ್ಳಿಹಾಕಿದಂತಾಯಿತು. ಮುಂಬಯಿ ಶಾಖೆ ಮಾತ್ರ ಕೆಲವು ವಿಷಯಗಳಲ್ಲಿ ಗ್ರಂಥಕ್ಕೆ ಹತ್ತಿರವಾಗಿ ನಿಂತಿತು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ ವಿಭಾಗಕಾಲದಲ್ಲಿ ಕುಟುಂಬದ ಕೆಲವು ಸ್ತ್ರೀಯರಿಗೆ ಅಂಶವನ್ನು ಗೊತ್ತುಮಾಡಿತು. (ಅಳಿಯಸಂತಾನದ ದಕ್ಷಿಣ ಕನ್ನಡಿಗರ ಮಾತು ಬೇರೆ; ಅವರ ಮನೆತನಗಳಲ್ಲಿ ಸ್ವತ್ತು ತಾಯಿಯ ಬಳಿಯಲ್ಲಿ ಇಳಿದು ಬಂದುದರಿಂದ ಈ ಚರ್ಚೆಯ ಬಹುಭಾಗ ಅವರಿಗೆ ಪರಕೀಯವೆನಿಸಬಹುದು.) ಕಡೆಗೆ 1956ರ ಹಿಂದೂ ಉತ್ತರಾಧಿಕಾರ ಶಾಸನದ 14ನೆಯ ಕಲಮು ದಾಯ, ವಿಭಾಗ, ಕ್ರಯ, ಸ್ವಂತ ಕೌಶಲ ಮುಂತಾಗಿ ಹೇಗೇ ಬಂದುದಾದರೂ ಸ್ತ್ರೀಯ ಸ್ವತ್ತು ಅವಳ ಪೂರ್ಣ ಸ್ವತ್ತೆಂದು ವಿಧಿಸಿತು. ಆ ಕಲಮಿನ ವಿವರಣೆಯನ್ನೂ ‘ಆದ್ಯ’ ಪದದ ಮೇಲಣ ವ್ಯಾಖ್ಯಾನವನ್ನೂ ಪಕ್ಕದಲ್ಲಿಟ್ಟು ಓದಿದವರಿಗೆ ಕಲ್ಯಾಣದ ಪಂಡಿತನು ದೆಹಲಿಯನ್ನು ಸೇರಲು ಎಷ್ಟು ಕಾಲ ಹಿಡಿಯಿತೆಂಬುದು ಹೊಳೆಯದೆ ಇರದು.

ಆದರೆ 14ನೆಯ ಕಲಮು ರಕ್ಷಿಸುವುದು ಅವಳದೆಂದು ಆಗಲೇ ಸಿದ್ಧವಾದ ಸ್ವತ್ತನ್ನು. ಗಂಡನ ಹೆಸರಿನಲ್ಲಿರುವ ಮನೆಯಲ್ಲಿ ಅವಳದು ಎಷ್ಟು ಎಂಬ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ. 1955ರ ಹಿಂದೂ ವಿವಾಹ ಶಾಸನದ 27ನೆಯ ಕಲಮು ಮುಟ್ಟುತ್ತದೆ, ಆದರೆ ತುದಿಬೆರಳಿನಿಂದ ಮಾತ್ರ. ಮದುವೆಯ ಕಾಲದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ವಸ್ತುಗಳ ವಿಚಾರವಾಗಿ ನ್ಯಾಯಾಲಯವು ಆಜ್ಞೆ ಮಾಡಬಹುದೆಂಬುದೇ ಅದರ ವ್ಯಾಪ್ತಿ. 25ನೆಯ ಕಲಮಿನ ಜೀವನಾಂಶವು ಅವಳ ಅಗತ್ಯವನ್ನೂ ಗಂಡನ ಶಕ್ತಿಯನ್ನೂ ನೋಡಿ ಕೊಡತಕ್ಕದ್ದು, ಅದು ಪಾಲಲ್ಲ. ಸ್ತ್ರೀಧನವು ಗಂಡನ ಮನೆಯಲ್ಲಿದ್ದರೂ ಹೆಂಡತಿಯದೇ, ಅದನ್ನು ಅವನು ನುಂಗಿದರೆ ನಂಬಿಕೆದ್ರೋಹದ ಅಪರಾಧವಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಸ್ಪಷ್ಟಪಡಿಸಿದುದು ದೊಡ್ಡ ಉಪಕಾರ. ಆದರೂ ಅದು ವಸ್ತು ವಸ್ತುವಾಗಿ ಉಳಿದಾಗ ಸಲ್ಲುವ ನ್ಯಾಯ.

ವಸ್ತು ವಸ್ತುವಾಗಿ ಉಳಿಯುವುದೇ ವಿರಳ. ಊರು ಬಿಟ್ಟು ಮುಂಬಯಿಗೋ ಪುಣೆಗೋ ಬಂದ ಸಂಸಾರಗಳ ರೀತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಾಳಿನ ಒಂದು ಕೋಣೆಯಿಂದ ಎರಡು ಕೋಣೆಯ ಫ್ಲ್ಯಾಟಿಗೆ ಹೋಗುವಾಗ ಮೊದಲ ಕಂತಿಗೆ ಹೆಂಡತಿಯ ಬಳೆ, ಅವಲಕ್ಕಿಸರ, ಡಾಬು ಕರಗುತ್ತವೆ. ಸೊಸೈಟಿಯ ಷೇರುಪತ್ರ ಗಂಡನ ಹೆಸರಿಗೆ ಬರುತ್ತದೆ. ಬ್ಯಾಂಕಿನ ಸಾಲದ ಕಂತು ಅವನ ಸಂಬಳದಿಂದ ಹೋಗುತ್ತದೆ; ಆ ಸಂಬಳ ಕಂತಿಗೆ ಹೋದುದರಿಂದ ಮನೆಯ ಖರ್ಚು ಅವಳ ಹೊಲಿಗೆಯಿಂದಲೋ ಶಾಲೆಯ ನೌಕರಿಯಿಂದಲೋ ನಡೆಯುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ಕಾಗದಪತ್ರಗಳೆಲ್ಲ ಒಬ್ಬನ ಹೆಸರನ್ನೇ ಹೇಳುತ್ತವೆ. ಚಿನಿವಾರನು ಕೊಟ್ಟ ಚೀಟಿ ಎಲ್ಲಿ ಹೋಯಿತೋ; ದಿನಸಿಯಂಗಡಿಯವನಂತೂ ಚೀಟಿಯನ್ನೇ ಕೊಟ್ಟಿರಲಿಲ್ಲ. ಕ್ಷಾಮ, ಧರ್ಮಕಾರ್ಯ, ರೋಗ, ಸೆರೆ ಈ ನಾಲ್ಕು ಸಂದರ್ಭಗಳಲ್ಲಿ ತೆಗೆದುಕೊಂಡ ಸ್ತ್ರೀಧನವನ್ನು ಗಂಡನು ಹಿಂದಿರುಗಿಸಬೇಕಾಗಿಲ್ಲವೆಂದು ಯಾಜ್ಞವಲ್ಕ್ಯನು ಬಿಟ್ಟುಕೊಟ್ಟಿದ್ದಾನೆ. ಮನೆ ಕೊಳ್ಳುವುದು ಆ ನಾಲ್ಕರಲ್ಲಿ ಯಾವುದೂ ಅಲ್ಲ. ಹಾಗಿರುವಾಗ ಕರಗಿದ ಚಿನ್ನದ ಮಟ್ಟಿಗಾದರೂ ಅವಳ ಸ್ವಾಮ್ಯವು ಗೋಡೆಗಳಲ್ಲಿ ಮುಂದುವರಿಯಿತೆಂದು ವಾದಿಸಲು ಸ್ಮೃತಿಯಲ್ಲಿಯೇ ಆಧಾರವಿದೆ. ಈ ವಾದ ಸಾಕಷ್ಟು ಬಳಕೆಗೆ ಬಾರದಿರುವುದು ಆಶ್ಚರ್ಯ.

ಇಂಗ್ಲೆಂಡಿನಲ್ಲಿಯೂ ಇದೇ ತೊಡಕು ಇದ್ದಿತು. ಲಾರ್ಡ್ ಡೆನ್ನಿಂಗರು ‘ಕುಟುಂಬದ ಸ್ವತ್ತು’ ಎಂಬ ಕಲ್ಪನೆಯಿಂದ ಹೆಂಡತಿಯರಿಗೆ ಪಾಲು ಕೊಡಿಸುತ್ತಿದ್ದರು; ಲಾರ್ಡ್ಸ್ ಸಭೆಯು 1969 ಮತ್ತು 1970ರ ಎರಡು ತೀರ್ಪುಗಳಲ್ಲಿ ಅದನ್ನು ಒಪ್ಪಲಿಲ್ಲ. ಅಲ್ಲಿನ ಪಾರ್ಲಿಮೆಂಟು 1970 ಮತ್ತು 1973ರ ಶಾಸನಗಳಿಂದ ವಿಚ್ಛೇದಕಾಲದಲ್ಲಿ ಗೃಹಕೃತ್ಯವನ್ನೂ ಸಲ್ಲಿಕೆಯೆಂದು ಗಣಿಸುವಂತೆ ಮಾಡಿತು. 2000ದಲ್ಲಿ ಲಾರ್ಡ್ ನಿಕೋಲ್ಸರು, ಹಣ ತಂದವನ ಪರವಾಗಿಯೂ ಮನೆ ನೋಡಿಕೊಂಡವಳ ವಿರುದ್ಧವಾಗಿಯೂ ಪಕ್ಷಪಾತ ಕೂಡದೆಂದರು. ಅಲ್ಲಿ ಶಾಸನ ಮುಂದೆ ನಡೆಯಿತು, ನ್ಯಾಯಾಲಯ ಹಿಂಬಾಲಿಸಿತು. ಇಲ್ಲಿ ಶಾಸನ ಸುಮ್ಮನಿದೆ. ಗಂಡನ ಸ್ಥಿರಸ್ವತ್ತಿನಲ್ಲಿ ಹೆಂಡತಿಗೆ ಪಾಲು ಕೊಡಿಸಲು ಅವಕಾಶವಿದ್ದ ವಿವಾಹಶಾಸನದ ತಿದ್ದುಪಡಿಯೊಂದು 2013ರಲ್ಲಿ ರಾಜ್ಯಸಭೆಯನ್ನು ದಾಟಿತು. ಲೋಕಸಭೆಯನ್ನು ದಾಟದೆ ಬಿದ್ದುಹೋಯಿತು.

ಗೃಹಿಣಿಯ ಕೆಲಸಕ್ಕೆ ನಮ್ಮ ನ್ಯಾಯಾಲಯಗಳು ಬೆಲೆ ಕಟ್ಟಿಯೇ ಇಲ್ಲವೆಂದು ಹೇಳಿದರೆ ತಪ್ಪಾದೀತು. ಕಟ್ಟಿವೆ; ಅವಳು ಸತ್ತ ಮೇಲೆ. 1989ರಲ್ಲಿ ಜಮ್ಶೆಡ್‌ಪುರದಲ್ಲಾದ ಬೆಂಕಿಯ ಅನಾಹುತದ ಪರಿಹಾರವನ್ನು ಗೊತ್ತುಮಾಡುವಾಗ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಗೃಹಿಣಿಯರ ಸೇವೆಗೆ ತಿಂಗಳಿಗೆ 3000 ರೂಪಾಯಿಗಳ ಬೆಲೆಯಿಟ್ಟಿತು. 2010ರ ಇನ್ನೊಂದು ತೀರ್ಪಿನಲ್ಲಿ, ಜನಗಣತಿಯು ಗೃಹಿಣಿಯರನ್ನು ಭಿಕ್ಷುಕರ, ಕೈದಿಗಳ ಸಾಲಿನಲ್ಲಿ ದುಡಿಯದವರೆಂದು ಎಣಿಸಿದುದನ್ನು ಆಕ್ಷೇಪಿಸಿತು. ವಾಹನ ಬಡಿದು ಸತ್ತವಳ ದುಡಿಮೆಗೆ ಗಂಡನು ವಿಮಾ ಕಂಪನಿಯಿಂದ ಹಣ ಪಡೆಯಬಹುದು. ಬದುಕಿದವಳು ಅದೇ ದುಡಿಮೆಯನ್ನು ಹೇಳಿ ಅದೇ ಗಂಡನಿಂದ ಪಾಲು ಕೇಳಿದರೆ ಯಾವ ಕಲಮಿನಡಿಯಲ್ಲಿ ಎಂದು ಕೇಳುತ್ತಾರೆ.

ಗಂಡನು ತೀರಿಕೊಂಡಾಗಿನ ಸ್ಥಿತಿ ವಿಚ್ಛೇದಕ್ಕಿಂತ ಮೇಲೆಂದು ಭಾವಿಸುವವರು 1956ರ ಶಾಸನದ 30ನೆಯ ಕಲಮನ್ನು ಮರೆತಿರುತ್ತಾರೆ. ಉಯಿಲಿಲ್ಲದೆ ಸತ್ತರೆ ವಿಧವೆಯು ಮಕ್ಕಳ ಮತ್ತು ಅತ್ತೆಯ ಸಂಗಡ ಸಮಾಂಶಕ್ಕೆ ಬರುತ್ತಾಳೆ. ಮೂವರು ಮಕ್ಕಳೂ ಅತ್ತೆಯೂ ಇದ್ದರೆ ಐದರಲ್ಲೊಂದು. ಉಯಿಲು ಬರೆದಿಟ್ಟಿದ್ದರೆ ಅವಳಿಗೆ ಏನೂ ಇಲ್ಲದಂತೆ ಮಾಡುವ ಸ್ವಾತಂತ್ರ್ಯವೂ ಅವನಿಗುಂಟು, ಉಳಿಯುವುದು ಜೀವನಾಂಶ. ಎರಡು ಸಂದರ್ಭಗಳಲ್ಲಿಯೂ ಶಾಸನವು ಮನೆಯೆಲ್ಲವೂ ಅವನದಾಗಿತ್ತೆಂದು ಊಹಿಸಿಕೊಂಡೇ ಹೊರಡುತ್ತದೆ. ಮುಂಬಯಿ, ಮದರಾಸು ನಗರಗಳಲ್ಲಿ ಉಯಿಲನ್ನು ಹೈಕೋರ್ಟಿನಲ್ಲಿ ಸ್ಥಿರಪಡಿಸಿಕೊಳ್ಳುವ ‘ಪ್ರೊಬೇಟ್’ ಕ್ರಮ ಬಹುಕಾಲ ಕಡ್ಡಾಯವಾಗಿದ್ದಿತು. ಆ ನ್ಯಾಯಾಲಯವು ನೋಡುವುದು ಉಯಿಲು ನಿಜವೇ, ಬರೆದವನು ಸ್ವಸ್ಥಚಿತ್ತನಾಗಿದ್ದನೇ ಎಂಬಿಷ್ಟನ್ನೇ. ಸ್ವತ್ತು ಅವನದೇ ಆಗಿತ್ತೇ ಎಂಬುದನ್ನಲ್ಲ. ಅರ್ಧ ತನ್ನದೆಂದು ಹೇಳುವ ವಿಧವೆ ಬೇರೆ ದಾವೆಯನ್ನೇ ಹೂಡಬೇಕು, ಬಹುಮಟ್ಟಿಗೆ ತನ್ನ ಮಕ್ಕಳ ಮೇಲೆಯೇ. ಮದರಾಸಿನ ಆ ತಾಯಿಗೆ ಒದಗಿದುದೂ ಇದೇ ಗತಿ. ಅವಳು ಪ್ರತಿವಾದಿಯಾಗಿದ್ದಳು ಎಂಬಷ್ಟೇ ವ್ಯತ್ಯಾಸ.

ಕಾರವಾರವನ್ನು ದಾಟಿ ಗೋವೆಗೆ ಕಾಲಿಟ್ಟರೆ ಚಿತ್ರವೇ ಬೇರೆ. ಅಲ್ಲಿ ಪೋರ್ಚುಗೀಜರ 1867ರ ನಾಗರಿಕ ಸಂಹಿತೆಯಿಂದ ಬಂದ ಪದ್ಧತಿ ಇಂದಿಗೂ ನಡೆಯುತ್ತಿದೆ. ವಿವಾಹಪೂರ್ವದಲ್ಲಿ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಸ್ವತ್ತು ಇಬ್ಬರಿಗೂ ಸಮವಾಗಿ ಸೇರಿದುದು. ಒಬ್ಬರು ಸತ್ತಾಗ ಉಳಿದವರ ಅರ್ಧವನ್ನು ಮೊದಲು ತೆಗೆದಿಟ್ಟು, ಇನ್ನರ್ಧದಲ್ಲಿ ಮಾತ್ರ ದಾಯವಿಭಾಗ ಆರಂಭವಾಗುತ್ತದೆ. ಎಷ್ಟು ಅಡಿಗೆ, ಎಷ್ಟು ಗಂಟೆ ಎಂದು ಯಾರೂ ಕೇಳುವುದಿಲ್ಲ. ಸ್ವಾಮ್ಯವು ವಿವಾಹದಿಂದಲೇ ಹುಟ್ಟುತ್ತದೆಂಬ ಮಾತಿನಲ್ಲಿ ಲಿಸ್ಬನ್ನಿನ ಸಂಹಿತಾಕಾರರೂ ಆಪಸ್ತಂಬನೂ ಒಬ್ಬರನ್ನೊಬ್ಬರು ಅರಿಯದೆಯೇ ಕೂಡಿದ್ದಾರೆ. ವಿಜ್ಞಾನೇಶ್ವರನು ಮುಚ್ಚಿದ ಬಾಗಿಲನ್ನು ಅವರು ತೆರೆದಿಟ್ಟರು, ಅಷ್ಟೇ ಭೇದ. ಗೋವೆಯ ಪದ್ಧತಿಯಲ್ಲಿ ದೋಷಗಳಿಲ್ಲವೆಂದಲ್ಲ: ಆಡಳಿತ ಸಾಮಾನ್ಯವಾಗಿ ಗಂಡನ ಕೈಯಲ್ಲಿರುತ್ತದೆ, ಸ್ವತ್ತಿನಂತೆ ಸಾಲವೂ ಕೂಡುಸಾಲವಾಗಬಹುದು. ಆದರೆ ಅಲ್ಲಿ ಹೆಂಡತಿ ತನ್ನ ಪಾಲಿಗಾಗಿ ಯೋಗ್ಯತಾಪತ್ರವನ್ನು ತರಬೇಕಾಗಿಲ್ಲ.

ಮದರಾಸಿನ ತೀರ್ಪು ಮುಂದೆ ದೃಷ್ಟಾಂತವಾಗಿ ನಿಲ್ಲಬೇಕಾದರೆ ಪಾಕಶಾಸ್ತ್ರಜ್ಞೆ, ಗೃಹವೈದ್ಯೆ ಎಂಬ ಬಿರುದುಗಳ ಬಲ ಅದಕ್ಕೆ ಸಾಲದು. ಸ್ವಾಮ್ಯದ ಮಾತನ್ನೇ ಅದು ನೇರವಾಗಿ ಹಿಡಿಯಬಹುದಾಗಿತ್ತು. ‘ಅವಳ ಸ್ವೇಚ್ಛೆಯಿಂದ ಆಗದು’ ಎಂಬ ನಿಷೇಧಕ್ಕೆ ವಿಜ್ಞಾನೇಶ್ವರನು ಆ ಸ್ಥಳದಲ್ಲಿ ಪ್ರತ್ಯೇಕವಾದ ಋಷಿವಚನವನ್ನು ಉದ್ಧರಿಸಿಲ್ಲ. ಅದು ವ್ಯಾಖ್ಯಾನಕಾರನ ಸ್ವಂತ ನಿಗಮನ. ಸ್ವಾಮ್ಯಕ್ಕಾದರೋ ಸೂತ್ರದ ಆಧಾರವಿದೆ. ಮೂಲವನ್ನು ಉಳಿಸಿಕೊಂಡು ನಿಗಮನವನ್ನು ಬಿಡುವುದು ಮೀಮಾಂಸೆಯ ರೀತಿಗೆ ಹೊರತಾದುದೇನೂ ಅಲ್ಲ. ‘ಆದ್ಯ’ ಪದದ ವಿಷಯದಲ್ಲಿ ಆತನು ತಾನೇ ಹಳೆಯ ಪಟ್ಟಿಗಳನ್ನು ಬದಿಗಿಟ್ಟು ನಡೆದ ದಾರಿ ಅದು.